ಐಎಸ್ ಕೋಡಿಗೆ ವರ್ಷ ಬೇಕು, ಶಾಸನಕ್ಕೆ ಬೇಡವೇ?

ಯಾವುದಾದರೂ ಎಂಜಿನಿಯರಿಂಗ್ ವರದಿಯಲ್ಲಿ ‘ಐಎಸ್ 456ರ ಪ್ರಕಾರ’ ಅಂತ ಬರೆದು ವರ್ಷ ಹಾಕದೆ ಬಿಟ್ಟು ನೋಡಿ. ಪರಿಶೀಲಿಸುವವರು ಅಲ್ಲೇ ಕೆಂಪು ಶಾಯಿಯಲ್ಲಿ ಗುಂಡು ಸುತ್ತುತ್ತಾರೆ. 1978ರದ್ದೋ, 2000ದ್ದೋ? 1978ರ ಕೋಡಿನಲ್ಲಿ ಉಕ್ಕು ಹಾಕಿದ ಕಾಂಕ್ರೀಟಿಗೆ ಎಂ15 ಸಾಕಿತ್ತು, 2000ದ ಕೋಡು ಎಂ20ಕ್ಕಿಂತ ಕಡಿಮೆ ಬೇಡ ಅನ್ನುತ್ತದೆ. ವರ್ಷ ಬಿಟ್ಟರೆ ವಾಕ್ಯಕ್ಕೆ ಅರ್ಥವೇ ಇಲ್ಲ. ಇದು ನಮ್ಮಲ್ಲಿ ಮೊದಲ ವರ್ಷದ ಹುಡುಗರಿಗೂ ಗೊತ್ತು.

ಅದೇ ಎಂಜಿನಿಯರು ಹಳೆಯ ದೇವಾಲಯವೊಂದರ ಬಗ್ಗೆ ಪ್ರಬಂಧ ಬರೆಯಲು ಕೂತಾಗ ಏನು ಬರೆಯುತ್ತಾರೆ? ‘ಹನ್ನೆರಡನೇ ಶತಮಾನದ ಒಂದು ಶಾಸನದ ಪ್ರಕಾರ ಈ ದೇವಾಲಯ ಕಟ್ಟಲಾಯಿತು.’ ಯಾವ ಶಾಸನ, ಎಲ್ಲಿದೆ, ಯಾರು ಓದಿದರು, ಎಲ್ಲಿ ಅಚ್ಚಾಗಿದೆ, ಯಾವ ಆವೃತ್ತಿ? ಒಂದೂ ಇಲ್ಲ. ಕೋಡಿಗೆ ಒಂದು ನ್ಯಾಯ, ಕಲ್ಲಿಗೆ ಒಂದು ನ್ಯಾಯ. ನನ್ನ ತಕರಾರು ಇಷ್ಟೇ. ಆದ್ರೆ ಇದನ್ನು ಬಿಡಿಸಿ ಹೇಳದಿದ್ದರೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವುದು ಗೊತ್ತಾಗಲ್ಲ.

ಹೋದ ವರ್ಷ ಒಂದು ಕರಡು ನನ್ನ ಕೈಗೆ ಬಂತು. ಬರೆದವರ ಹೆಸರು ಇಲ್ಲಿ ಬೇಡ, ಅವರು ಒಳ್ಳೆಯ ಕೆಲಸಗಾರರೇ. ವಿಷಯ ಕಲ್ಯಾಣ ಚಾಲುಕ್ಯರ ದೇವಾಲಯಗಳ ಕಲ್ಲಿನ ಸವೆತ. ಬೀದರ್ ಜಿಲ್ಲೆಯ ಎರಡು ಮೂರು ಗುಡಿ ತೆಗೆದುಕೊಂಡಿದ್ದರು, ಅದರಲ್ಲಿ ಮುಖ್ಯವಾದದ್ದು ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಶಿವಾಲಯ. ಹುಮನಾಬಾದಿನಿಂದ ಸೊಲ್ಲಾಪುರ ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾದ ಹತ್ತಿರ ತಿರುಗಿ ಬಸವಕಲ್ಯಾಣಕ್ಕೆ ಹೋದವರು ಕೋಟೆ, ಅನುಭವ ಮಂಟಪ ನೋಡಿ ವಾಪಸ್ ಬರ್ತಾರೆ. ನಾರಾಯಣಪುರದ ತನಕ ಹೋಗುವವರು ಕಡಿಮೆ. ಹೋದವರು ಗೋಡೆಯ ಮೇಲಿನ ಶಿಲಾಬಾಲಿಕೆಯರನ್ನು ಮರೆಯುವುದಿಲ್ಲ. ಆ ಗುಡಿ ಒಂದು ತಾಂತ್ರಿಕ ಪ್ರಬಂಧದೊಳಗೆ ಬಂತಲ್ಲ ಅಂತ ಮೊದಲು ಖುಷಿಯೇ ಆಯ್ತು.

ಕರಡಿನ ಲೆಕ್ಕ ಸರಳವಾದದ್ದು. ಮೇಲ್ಮೈ ಎಷ್ಟು ಸವೆದಿದೆ ಅಂತ ಅಳೆದು, ಅದನ್ನು ಕಟ್ಟಡದ ವಯಸ್ಸಿನಿಂದ ಭಾಗಿಸುವುದು. ಬಂದ ಉತ್ತರ ಶತಮಾನಕ್ಕೆ ಇಷ್ಟು ಮಿಲಿಮೀಟರ್. ಆ ವೇಗದ ಮೇಲೆ ಮುಂದಿನ ಮಾತು: ಕಲ್ಲಿಗೆ ರಾಸಾಯನಿಕ ಲೇಪ ಬೇಕೋ ಬೇಡವೋ, ಮಳೆನೀರು ಬೇರೆ ಕಡೆ ತಿರುಗಿಸಿದರೆ ಸಾಕೋ. ನನ್ನದೇ ಅಂಕಿ ಇಟ್ಟು ಹೇಳುತ್ತೇನೆ. ಒಂದು ಕಡೆ 9 ಮಿ.ಮೀ. ಸವೆದಿದೆ ಅಂತಿಟ್ಟುಕೊಳ್ಳಿ. ಗುಡಿಗೆ 900 ವರ್ಷ ಆಗಿದ್ದರೆ ಶತಮಾನಕ್ಕೆ 1 ಮಿ.ಮೀ. 600 ವರ್ಷ ಆಗಿದ್ದರೆ 1.5 ಮಿ.ಮೀ. ಒಂದೂವರೆ ಪಟ್ಟು. ಒಮ್ಮೆ ಹಚ್ಚಿದ ಲೇಪವನ್ನು ಶಿಲಾಬಾಲಿಕೆಯ ಮುಖದಿಂದ ಕೆರೆದು ತೆಗೆಯಲು ಆಗಲ್ಲ. ಹಾಗಾಗಿ ಭಾಜಕದ ಜಾಗದಲ್ಲಿ ಕೂತ ಆ ವಯಸ್ಸು ಎಲ್ಲಿಂದ ಬಂತು ಅನ್ನುವುದು ಬರೀ ವಿದ್ವಾಂಸರ ಮಡಿವಂತಿಕೆ ಅಲ್ಲ.

ಅಳತೆಯ ಉಪಕರಣದ ಹೆಸರು ಕೊಟ್ಟಿದ್ದರು, ಅದರ ನಿಖರತೆ ಕೊಟ್ಟಿದ್ದರು, ಎಷ್ಟು ಕಡೆ ಅಳೆದರು ಅಂತ ಕೋಷ್ಟಕ ಇತ್ತು. ವಯಸ್ಸಿಗೆ ಮಾತ್ರ ‘ನಾರಾಯಣಪುರ ಶಾಸನ [14]’. ಹದಿನಾಲ್ಕನೇ ಆಕರ ನೋಡಿದರೆ ಒಂದು ಪ್ರವಾಸಿ ಜಾಲತಾಣ. ಅಲ್ಲಿ ಒಂದು ಕನ್ನಡ ಪುಸ್ತಕದ ಹೆಸರು. ಪುಸ್ತಕ ಹುಡುಕಿ ತೆಗೆದರೆ ಅಡಿಟಿಪ್ಪಣಿಯಲ್ಲಿ ‘ಹೈ.ಆ.ಸೀ.’ ಅಂತ ಮೂರು ಅಕ್ಷರ, ಸಂಖ್ಯೆ ಇಲ್ಲ, ಪುಟ ಇಲ್ಲ. ಅಲ್ಲಿಗೆ ದಾರಿ ಮುಗೀತು. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ, ಮೊದಲು ನಿಂತವನು ಕಲ್ಲು ನೋಡಿದ್ದಾನೆ ಅನ್ನುವ ನಂಬಿಕೆ ಮೇಲೆ.

ಹೈ.ಆ.ಸೀ. ಅಂದ್ರೆ ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್. ಇದು ಪತ್ರಿಕೆ ಅಲ್ಲ, ಗ್ರಂಥಮಾಲೆ. ಅಂದ್ರೆ ಸಂಖ್ಯೆಯೇ ಪುಸ್ತಕ. 1ನೇ ಸಂಖ್ಯೆ ಮಸ್ಕಿಯ ಅಶೋಕ ಶಾಸನ, 1915ರದ್ದು, ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ್ದು. 8ನೆಯದು ನಾಗಾವಿಯ ಶಾಸನಗಳು, 1928. 12ನೆಯದು ಕೊಪ್ಪಳದ ಕನ್ನಡ ಶಾಸನಗಳು, 1935. 18ನೆಯದು ಪಿ.ಬಿ. ದೇಸಾಯಿಯವರು ಸಂಪಾದಿಸಿದ, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳ ಸಂಪುಟ, 1958. ಸಂಖ್ಯೆ ಬಿಟ್ಟು ‘ಹೈ.ಆ.ಸೀ.’ ಅಂದರೆ ಮಸ್ಕಿಯಿಂದ ಕೊಪ್ಪಳದವರೆಗೆ ಎಲ್ಲಿ ಬೇಕಾದರೂ ಹುಡುಕಿ ಅಂದ ಹಾಗೆ. ಅಂದ ಹಾಗೆ, ಮಸ್ಕಿಯ ಶಾಸನವನ್ನು ಮೊದಲು ಗುರುತಿಸಿದ ಬೀಡನ್ ಶಾಸನತಜ್ಞ ಅಲ್ಲ, ಚಿನ್ನದ ಗಣಿಯ ಎಂಜಿನಿಯರ್. ದೇವಾನಾಂಪ್ರಿಯ ಅನ್ನುವವನು ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಶಾಸನ ಅದು. ನಮ್ಮ ಕಸುಬಿನವರು ಕಲ್ಲಿನ ಹತ್ತಿರ ಹೋಗಬಾರದು ಅಂತ ಯಾರೂ ಹೇಳಲಾರರು.

ಇನ್ನೊಂದು ತೊಡಕು ಊರಿನ ಹೆಸರಿನದ್ದು. ಎಂಜಿನಿಯರಿಗೆ ನಾರಾಯಣಪುರ ಅಂದ ತಕ್ಷಣ ನೆನಪಾಗುವುದು ಕೃಷ್ಣಾ ನದಿಯ ಅಣೆಕಟ್ಟು. ಅದು ಈಗಿನ ಯಾದಗಿರಿ ಜಿಲ್ಲೆ. ಅದರ ಜಲಾಶಯದ ಹೆಸರು ಬಸವಸಾಗರ. ನಮ್ಮ ನಾರಾಯಣಪುರ ಇರುವುದು ಬಸವಕಲ್ಯಾಣ ತಾಲ್ಲೂಕಿನಲ್ಲಿ. ‘ನಾರಾಯಣಪುರ ಬಸವ’ ಅಂತ ಹುಡುಕಿದರೆ ಯಂತ್ರ ಎರಡನ್ನೂ ಕಲಸಿ ಕೊಡುತ್ತದೆ. ಕನ್ನಡನಾಡಿನಲ್ಲಿ ನಾರಾಯಣಪುರಗಳು ಇನ್ನೂ ಎಷ್ಟೋ. ಕಲ್ಯಾಣದ್ದೂ ಅದೇ ಕಥೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಕಲ್ಯಾಣಿ’ ಅಂತಿದೆ, ಮುಂಬಯಿ ಪಕ್ಕದ ಕಲ್ಯಾಣ ಬೇರೆ ಇದೆ, ಬಸವಕಲ್ಯಾಣ ಅನ್ನುವ ಹೆಸರು ಬಂದದ್ದು ಏಕೀಕರಣದ ನಂತರ. ‘ನಾರಾಯಣಪುರ ಶಾಸನ’ ಅಂದರೆ ವಿಳಾಸದಲ್ಲಿ ‘ರಾಮಣ್ಣ, ಕರ್ನಾಟಕ’ ಅಂತ ಬರೆದಂತೆ. ಊರು, ತಾಲ್ಲೂಕು, ಜಿಲ್ಲೆ ಮೂರೂ ಬೇಕು. ಹಳೆಯ ಪ್ರಕಟಣೆಯಲ್ಲಿ ತಾಲ್ಲೂಕು ಜಿಲ್ಲೆ ಬೇರೆ ಇದ್ದರೆ ಅದನ್ನೂ ಹೇಳಬೇಕು. ಸೊಲ್ಲಾಪುರ, ಕಲಬುರಗಿ, ಬೀದರ್ ಗಡಿಗಳಲ್ಲಿ ಇದು ದಿನನಿತ್ಯದ ಗೋಳು.

ನಿಜಾಮರ ಕಾಲದ ವರದಿಗಳಿಗೆ ಹೋದರೆ ವರ್ಷವೇ ಕೈ ಕೊಡುತ್ತದೆ. ಹೈದರಾಬಾದ್ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳ ಮುಖಪುಟದಲ್ಲಿ ಫಸಲಿ ವರ್ಷ ಮೊದಲು, ಕ್ರಿಸ್ತಶಕ ಆಮೇಲೆ. ಮೊದಲ ವರದಿ ಫಸಲಿ 1324, ಅಂದ್ರೆ 1914–15. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಜೊಟೆರೊದಂಥ ತಂತ್ರಾಂಶಕ್ಕೆ ಇದೇನು ಗೊತ್ತು? ವರ್ಷದ ಕಿಂಡಿಯಲ್ಲಿ 1324 ಅಂತ ಕೂತರೆ, ಬಹಮನಿ ರಾಜ್ಯ ಹುಟ್ಟುವುದಕ್ಕೂ ಮೊದಲೇ ಯಾರೋ ಬೀದರಿನಲ್ಲಿ ಪುರಾತತ್ತ್ವ ವರದಿ ಅಚ್ಚು ಹಾಕಿಸಿದಂತಾಗುತ್ತದೆ. ನಗು ಬರ್ತದೆ ನಿಜ. ಆದ್ರೆ ಆಕರ ಪಟ್ಟಿಯನ್ನು ಯಾರೂ ಓದಲ್ಲ ಅನ್ನುವ ಧೈರ್ಯದಲ್ಲೇ ಇಂಥವು ಉಳಿದುಕೊಳ್ಳುತ್ತವೆ.

ವರ್ಷದ ಎರಡನೇ ಮೋಸ ಮರುಮುದ್ರಣದ್ದು. ಎಪಿಗ್ರಾಫಿಯಾ ಇಂಡಿಕಾದ ಬಹಳಷ್ಟು ಹಳೆಯ ಸಂಪುಟಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1980ರ ದಶಕದಲ್ಲಿ ಮತ್ತೆ ಮುದ್ರಿಸಿತು. ಪಿಡಿಎಫ್ ಇಳಿಸಿಕೊಂಡವರು ಮೊದಲ ಪುಟದ ವರ್ಷ ಬರೆದುಕೊಳ್ಳುತ್ತಾರೆ. 1913ರ ಸುಮಾರಿನ ಲೇಖನವೊಂದು 1980ರ ದಶಕದ್ದಾಗಿ ಪ್ರಬಂಧದಲ್ಲಿ ಕೂತುಕೊಳ್ಳುತ್ತದೆ. ಪರಿಶೀಲಕರಿಗೆ ಪರವಾಗಿಲ್ಲ, ಹತ್ತಿರದ ಕಾಲದ ಸಂಶೋಧನೆ ಅನ್ನಿಸುತ್ತದೆ. ನಡುವೆ ಎಪ್ಪತ್ತು ವರ್ಷಗಳಲ್ಲಿ ಆ ಪಾಠವನ್ನು ಯಾರಾದರೂ ತಿದ್ದಿದ್ದರೆ ಅದು ಕಾಣದೇ ಹೋಗುತ್ತದೆ. ಸ್ಕ್ಯಾನ್ ಪ್ರತಿಗಳ ವಿವರದಲ್ಲಿ ಇನ್ನೂ ಒಂದು ಅವಾಂತರ: ಸಂಪುಟದ ಸಂಪಾದಕರನ್ನೇ ಲೇಖಕರ ಜಾಗದಲ್ಲಿ ಹಾಕಿರುತ್ತಾರೆ. ಶಾಸನ ಓದಿದವರು ಒಬ್ಬರು, ಹೆಸರು ಬರುವುದು ಇನ್ನೊಬ್ಬರದು. ಕಲ್ಲಿನ ಮುಂದೆ ಬಿಸಿಲಲ್ಲಿ ಕೂತು ಪಡಿಯಚ್ಚು ತೆಗೆದು, ಅಕ್ಷರಕ್ಕೆ ಅಕ್ಷರ ಜಗಳವಾಡಿ ಓದಿದವರಿಗೆ ನಾವು ಕೊಡುವ ಸಂಬಳ ಅಂದ್ರೆ ಆ ಒಂದು ಸಾಲಿನ ಹೆಸರು ಮಾತ್ರ. ಅದನ್ನೂ ತಪ್ಪಾಗಿ ಕೊಡುತ್ತೇವೆ.

ಆವೃತ್ತಿಯ ವಿಷಯದಲ್ಲಿ ಶ್ರವಣಬೆಳಗೊಳಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ 2ನೇ ಸಂಪುಟ ಮೂರು ಸಲ ಬಂದಿದೆ. 1889ರಲ್ಲಿ ರೈಸ್ ತಂದಾಗ ಅದರಲ್ಲಿ 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದಾಗ 573. ಶಾಸನ ಹೆಚ್ಚಾದ ಹಾಗೆ ಸಂಖ್ಯೆಗಳೂ ಜರುಗಿವೆ. ಮಲ್ಲಿಷೇಣ ಪ್ರಶಸ್ತಿ ರೈಸ್‌ರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ‘ಎ.ಕ. 2, 54’ ಅಂತ ಯಾರಾದರೂ ಬರೆದು ವರ್ಷ ಬಿಟ್ಟರೆ, 1923ರ ಪುಸ್ತಕ ಇಟ್ಟುಕೊಂಡವರು ಯಾವುದೋ ಬೇರೆ ಕಲ್ಲನ್ನು ತೆಗೆದು ಓದುತ್ತಾರೆ. ಅದು ಎಂ15–ಎಂ20ರ ಗೊಂದಲವೇ, ಬೇರೇನೂ ಅಲ್ಲ. ಹಳೆಯ ತಲೆಮಾರಿನ ವಿದ್ವಾಂಸರು ‘67 (54)’ ಅಂತ ಎರಡೂ ಸಂಖ್ಯೆ ಕೊಡುವ ರೂಢಿ ಇಟ್ಟುಕೊಂಡಿದ್ದರು. ಎಷ್ಟು ಚಿಕ್ಕ ಉಪಕಾರ, ಎಷ್ಟು ಜನರ ಅರ್ಧ ದಿನ ಉಳಿಸಿದೆ!

ಈಗ ಐಇಇಇ ಶೈಲಿಗೆ ಬರೋಣ. ತಾಂತ್ರಿಕ ಪತ್ರಿಕೆಗಳಲ್ಲಿ ಹೆಚ್ಚಿನವು ಇದನ್ನೋ ಇದರ ತಮ್ಮನನ್ನೋ ಬಳಸುತ್ತವೆ. ನನಗೆ ಈ ಶೈಲಿ ಇಷ್ಟ. ಓದುವಾಗ ಅಡ್ಡ ಬರಲ್ಲ, ಚೌಕ ಕಂಸದಲ್ಲಿ ಒಂದು ಅಂಕಿ, ಮುಂದೆ ಹೋಗಿ. ಆದ್ರೆ ಇದನ್ನು ಕತ್ತರಿಸಿ ಹೊಲಿದದ್ದು ಇವತ್ತಿನ ಪತ್ರಿಕೆಗಳ ಮೈಗೆ. ಸಂಪುಟ, ಸಂಚಿಕೆ, ಪುಟ, ತಿಂಗಳು, ವರ್ಷ, ಡಿಒಐ. ಎಪಿಗ್ರಾಫಿಯಾ ಇಂಡಿಕಾದಲ್ಲಿ ‘ನಂ.’ ಅಂದ್ರೆ ಸಂಚಿಕೆ ಅಲ್ಲ, ಆ ಸಂಪುಟದಲ್ಲಿ ಲೇಖನದ ಕ್ರಮಸಂಖ್ಯೆ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳಲ್ಲಿ ‘ನಂ.’ ಅಂದ್ರೆ ಶಾಸನದ ಸಂಖ್ಯೆ. ರೈಸ್‌ರಲ್ಲಿ ತಾಲ್ಲೂಕಿನ ಸಂಕ್ಷೇಪ ಸೇರಿದರೆ ಮಾತ್ರ ಸಂಖ್ಯೆಗೆ ಅರ್ಥ: ಶಿಕಾರಿಪುರ ಇಷ್ಟು, ಸೊರಬ ಇಷ್ಟು. ತಂತ್ರಾಂಶ ಈ ಮೂರೂ ‘ನಂ.’ಗಳನ್ನು ಸಂಚಿಕೆಯ ಕಿಂಡಿಗೆ ತುರುಕುತ್ತದೆ. ಹೊರಗೆ ಬಂದ ಸಾಲು ನೋಡಲು ಚೆಂದ, ಅದನ್ನು ಹಿಡಿದು ಗ್ರಂಥಾಲಯಕ್ಕೆ ಹೋದರೆ ಪುಸ್ತಕ ಸಿಗಲ್ಲ.

ಕಂಸದ ಪಜೀತಿ ಇನ್ನೊಂದು. ಶಾಸನದ ಪಾಠದಲ್ಲಿ ಚೌಕ ಕಂಸಕ್ಕೆ ಅದರದ್ದೇ ಕೆಲಸ ಇದೆ. ಸವೆದು ಅನುಮಾನ ಹುಟ್ಟಿಸುವ ಅಕ್ಷರಗಳನ್ನು ಸಂಪಾದಕರು ಅದರೊಳಗೆ ಇಡುತ್ತಾರೆ. ಕಲ್ಲಿನಲ್ಲಿ ಇಲ್ಲದ, ತಾವು ಸೇರಿಸಿದ ಅಕ್ಷರಕ್ಕೆ ನಕ್ಷತ್ರದ ಗುರುತು. ತಾಂತ್ರಿಕ ಪ್ರಬಂಧದಲ್ಲಿ ಶಾಸನದ ಸಾಲು ಉದ್ಧರಿಸಿ ಪಕ್ಕದಲ್ಲೇ [3] ಅಂತ ಹಾಕಿದರೆ, ಅದು ಆಕರವೋ, ಮೂರನೇ ಸಾಲೋ, ಅನುಮಾನದ ಅಂಕಿಯೋ? ಪತ್ರಿಕೆಯ ಸಂಪಾದಕರು ‘ಅನಗತ್ಯ ಕಂಸ’ ಅಂತ ಎಲ್ಲ ಚೌಕ ಕಂಸ ತೆಗೆದುಹಾಕಿದ್ದನ್ನು ನಾನು ನೋಡಿದ್ದೇನೆ. ಅಂದ್ರೆ ಓದಿದವರು ‘ಇದು ಖಚಿತ ಅಲ್ಲ’ ಅಂತ ಹೇಳಿದ್ದನ್ನು ನಾವು ‘ಖಚಿತ’ ಅಂತ ಅಚ್ಚು ಹಾಕಿದ್ದೇವೆ. ದೋಷದ ಅಂಚು ಅಳಿಸಿ ಅಳತೆ ಮಾತ್ರ ಕೊಟ್ಟ ಹಾಗೆ. ಪ್ರಯೋಗಾಲಯದಲ್ಲಿ ಇದನ್ನು ಯಾರಾದರೂ ಒಪ್ಪುತ್ತಾರಾ?

ಬರೀ ಎಂಜಿನಿಯರುಗಳನ್ನು ಬೈದರೆ ಅನ್ಯಾಯ. ಶಾಸನದವರ ಬರಹವೂ ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ಎ.ಕ., ಎ.ಇ., ಇ.ಆ., ಸೌ.ಇ.ಇ., ಕ.ಇ. ಅಂತ ಅಕ್ಷರ ಉದುರಿಸುತ್ತಾರೆ, ಸಂಕ್ಷೇಪಗಳ ಪಟ್ಟಿ ಪುಸ್ತಕದಲ್ಲಿ ಇರಲ್ಲ. ಎಲ್ಲದಕ್ಕಿಂತ ದೊಡ್ಡ ಪೀಡೆ ‘ಅದೇ’. ಕನ್ನಡ ಸಂಶೋಧನ ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ‘ಅದೇ, ಪು. 45’, ‘ಅದೇ, ಪು. 61’, ‘ಪೂರ್ವೋಕ್ತ’. ಕೈಯಲ್ಲಿ ಬರೆಯುವ ಕಾಲದಲ್ಲಿ ಸರಿ. ಈಗ ಕಂಪ್ಯೂಟರಿನಲ್ಲಿ ಒಂದು ಪ್ಯಾರಾ ಎತ್ತಿ ಆಚೆ ಇಟ್ಟರೆ ‘ಅದೇ’ ಅನ್ನುವುದು ‘ಬೇರೆ’ ಆಗಿಬಿಡುತ್ತದೆ, ಯಾರಿಗೂ ಗೊತ್ತಾಗಲ್ಲ. ಈ ವಿಷಯದಲ್ಲಿ ಐಇಇಇ ಅಂಕಿ ಪದ್ಧತಿಯೇ ವಾಸಿ. ಒಂದು ಆಕರಕ್ಕೆ ಒಂದು ಅಂಕಿ, ಮತ್ತೆ ಬಂದರೂ ಅದೇ ಅಂಕಿ. ನಮ್ಮವರು ಇದನ್ನು ಅವರಿಂದ ಕಲಿಯಬಹುದು.

ಹಾಗಾದರೆ ತಾಂತ್ರಿಕ ಪತ್ರಿಕೆಯ ಚೌಕಟ್ಟಿನೊಳಗೇ ಶಾಸನವನ್ನು ಸರಿಯಾಗಿ ಉಲ್ಲೇಖಿಸಲು ಆಗುತ್ತಾ? ಆಗುತ್ತದೆ. ಮಲ್ಲಿಷೇಣ ಪ್ರಶಸ್ತಿಯನ್ನೇ ತಗೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ: ‘ಶ್ರವಣಬೆಳಗೊಳ, ಚಂದ್ರಗಿರಿ, ಪಾರ್ಶ್ವನಾಥ ಬಸದಿಯ ಕಂಬ, ಚನ್ನರಾಯಪಟ್ಟಣ ತಾ., ಹಾಸನ ಜಿ.; ಶಕ 1050; ಇ. ಹುಲ್ಟ್ಶ್, ಎಪಿಗ್ರಾಫಿಯಾ ಇಂಡಿಕಾ, ಸಂ. 3, ಪು. 184ರಿಂದ, ಎಪಿಗ್ರಾಫಿಯಾ ಕರ್ನಾಟಿಕಾ, ಸಂ. 2, 1923ರ ಆವೃತ್ತಿ, ಶಾಸನ 67. 1889ರ ಆವೃತ್ತಿಯಲ್ಲಿ 54.’ ಉದ್ದ ಆಯ್ತು ಅನ್ನುತ್ತೀರಾ? ಒಂದೇ ಸಲ ಆಕರ ಪಟ್ಟಿಯಲ್ಲಿ ಬರುತ್ತದೆ, ಮೈಯಲ್ಲಿ ಬರೀ ಒಂದು ಅಂಕಿ. ನೀವು ಸ್ಕ್ಯಾನ್ ನೋಡಿದ್ದರೆ ‘ಸ್ಕ್ಯಾನ್ ಪ್ರತಿ, ಇಂಥ ಮರುಮುದ್ರಣ’ ಅಂತ ಸೇರಿಸಿ. ನೀವೇ ನೋಡದೆ ಇನ್ನೊಬ್ಬರ ಪುಸ್ತಕದಿಂದ ತೆಗೆದಿದ್ದರೆ ಆ ಪುಸ್ತಕದ ಹೆಸರನ್ನು ಹೇಳಿ. ಅದರಲ್ಲಿ ಅವಮಾನ ಏನೂ ಇಲ್ಲ. ಇತ್ತೀಚೆಗೆ ಯಂತ್ರಗಳು ಕೇಳಿದ ಕೂಡಲೇ ಸಂಪುಟ ಪುಟ ಸಮೇತ ಉಲ್ಲೇಖ ಹೆಣೆದು ಕೊಡುತ್ತಿವೆ. ಅದರಲ್ಲಿ ಇಲ್ಲದ ಲೇಖನಗಳೂ ಇರುತ್ತವೆ. ಪುಟ ತೆರೆದು ನೋಡದೆ ಅದನ್ನು ಹಾಕಿಕೊಂಡರೆ ಮುಂದಿನವರ ಗತಿ ಹೈ.ಆ.ಸೀ.ಗಿಂತ ಕೆಟ್ಟದ್ದು, ಅಲ್ಲಿ ಕನಿಷ್ಠ ಪುಸ್ತಕ ಇದೆ.

ಮೇಲಿನ ಸಾಲಿನಲ್ಲಿ ಶಕ ವರ್ಷ ಹಾಗೇ ಇಟ್ಟಿದ್ದು ಬೇಕಂತಲೇ. ಶಕಕ್ಕೆ 78 ಕೂಡಿಸಿ 1128 ಅಂತ ಬರೆದುಬಿಡುವವರು ಬಹಳ. ಆ ಶಾಸನದ ತಿಂಗಳು ಫಾಲ್ಗುಣ, ಅಂದ್ರೆ ಇಸವಿ ದಾಟಿ 1129ರ ಮಾರ್ಚ್. ಬೀದರ್ ಕಡೆ ಆರನೇ ವಿಕ್ರಮಾದಿತ್ಯನ ಚಾಲುಕ್ಯ ವಿಕ್ರಮ ವರ್ಷ ಬಹಳ ಸಿಗುತ್ತದೆ, ಅದು 1076ರಲ್ಲಿ ಶುರು. 18ನೇ ವರ್ಷ ಅಂದರೆ 1093–94. 1076ಕ್ಕೆ ನೇರ 18 ಕೂಡಿಸಿದವರಿಗೆ 1094 ಬರುತ್ತದೆ. ಮೂಲದ ಮಿತಿ ಮೊದಲು, ಪರಿವರ್ತನೆ ಆಮೇಲೆ, ಯಾವ ಪಂಚಾಂಗ ಕೋಷ್ಟಕದಿಂದ ಅಂತ ಒಂದು ಮಾತು. 1922ರ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕ ಈಗಲೂ ಎಲ್ಲರ ಕೈಯಲ್ಲಿದೆ.

ಇನ್ನೊಂದು ಮಾತು ಶಾಸನದವರಿಗೆ ಹಳೆಯದು, ಎಂಜಿನಿಯರುಗಳಿಗೆ ಹೊಸದು. ಗುಡಿಯಲ್ಲಿರುವ ಶಾಸನದ ಮಿತಿ ಗುಡಿ ಕಟ್ಟಿದ ಮಿತಿ ಆಗಬೇಕಂತಿಲ್ಲ. ಹೆಚ್ಚಿನವು ದತ್ತಿ ಶಾಸನ. ನಂದಾದೀಪಕ್ಕೆ ಎಣ್ಣೆ, ತೋಟ, ಭೂಮಿ ಬಿಟ್ಟದ್ದನ್ನು ಹೇಳುತ್ತವೆ. ಆ ಹೊತ್ತಿಗೆ ಗುಡಿಗೆ ಐವತ್ತು ವರ್ಷ ಆಗಿರಬಹುದು. ಕಲ್ಲು ಬೇರೆ ಕಡೆಯಿಂದ ಬಂದು ಅಲ್ಲಿ ನಿಂತಿರಲೂಬಹುದು. ಅದಕ್ಕೇ ಶಾಸನದ ಉಲ್ಲೇಖಕ್ಕೆ ಸಾಲಿನ ಸಂಖ್ಯೆ ಬೇಕು. ‘ಕಟ್ಟಿಸಿದ’ ಅನ್ನುವ ಕ್ರಿಯಾಪದ ಎಷ್ಟನೇ ಸಾಲಿನಲ್ಲಿದೆ ಅಂತ ತೋರಿಸಿದರೆ ಮಾತ್ರ ಅದು ಕಟ್ಟಡದ ವಯಸ್ಸಿಗೆ ಆಧಾರ.

ಚಿತ್ರಗಳ ವಿಷಯ ಬೇರೆಯದೇ ರೋದನ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿರುವ ಆ ಬಾಲಿಕೆ ಇದ್ದಾಳಲ್ಲ, ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಬರಹದವಳು, ಅವಳ ಚಿತ್ರದ ಕೆಳಗೆ ‘ನಾರಾಯಣಪುರ’ ಅಂತ ನೋಡಿದ್ದೇನೆ, ‘ಕನ್ನಡ ಬರೆಯುತ್ತಿರುವ ಶಿಲಾಬಾಲಿಕೆ’ ಅಂತಲೂ ನೋಡಿದ್ದೇನೆ. ಊರಿನ ಹೆಸರಂತೂ ಜಲಸಂಗಿ, ಜಲಸಂಗವಿ, ಜಲಸಿಂಗಿ ಅಂತ ಬರೆದವರಿಗೆ ಬಂದ ಹಾಗೆ. ಆ ಕರಡಿನಲ್ಲೂ ಒಂದು ಚಿತ್ರ ಹೀಗೆ ಅದಲುಬದಲಾಗಿತ್ತು. ಸವೆತ ಅಳೆದ ಜಾಗ ಎಂದು ತೋರಿಸಿದ ಚಿತ್ರ ಬೇರೆ ಗುಡಿಯದ್ದು.

ಕರಡಿನವರಿಗೆ ನಾನು ಮೂರು ಪುಟ ಬರೆದು ಕಳಿಸಿದೆ. ಬೇಸರ ಮಾಡಿಕೊಳ್ಳದೆ ತಿದ್ದಿದರು, ಅದು ದೊಡ್ಡತನ. ಚಿತ್ರ ಬದಲಾಯಿತು. [14] ಹೋಯಿತು, ಅದರ ಜೊತೆ ಒಂಟಿ ಇಸವಿಯೂ ಹೋಯಿತು. ಆ ಜಾಗದಲ್ಲಿ ‘ಶೈಲಿಯ ಆಧಾರದಲ್ಲಿ ಹನ್ನೆರಡನೇ ಶತಮಾನ’ ಅಂತ ಬಂತು, ಲೆಕ್ಕ ವ್ಯಾಪ್ತಿಯಲ್ಲಿ ಬಂತು. ನನ್ನ 9 ಮಿ.ಮೀ. ಉದಾಹರಣೆಯನ್ನೇ ಅವರ ದಾರಿಯಲ್ಲಿ 2024ಕ್ಕೆ ಲೆಕ್ಕ ಹಾಕಿದರೆ, 1100ರಲ್ಲಿ ಕಟ್ಟಿದ್ದರೆ ಶತಮಾನಕ್ಕೆ 0.97, 1200ರಲ್ಲಾದರೆ 1.09. ಈ ಅಂತರ ಅವರ ಉಪಕರಣದ ದೋಷದ ಅಂಚಿಗಿಂತ ಚಿಕ್ಕದು. ಅಂದ್ರೆ ಅವರ ತೀರ್ಮಾನಕ್ಕೆ ಆ ಇಸವಿ ಮೊದಲಿನಿಂದಲೂ ಬೇಕಿರಲಿಲ್ಲ.